ಸ್ಕಾರ್ವಿಕ್ ಶಾಲೆಯ ದೋಣಿಗೆ ಮಂಜೂರಾತಿ

ಹೊಸ ಮರದ ದೋಣಿಯು ನೀರಿಗಿಳಿದ ಮೊದಲ ಗಳಿಗೆಯಿಂದಲೇ ಒಂದು ಹನಿ ನೀರನ್ನೂ ಒಳಗೆ ಬಿಟ್ಟುಕೊಳ್ಳತಕ್ಕದ್ದಲ್ಲ ಎಂದು ಸ್ಕಾರ್ವಿಕ್ ಪುರಸಭೆಯು ಸರ್ವಾನುಮತದಿಂದ ನಿರ್ಣಯಿಸಿತು. ನಿರ್ಣಯದ ಪ್ರತಿಯನ್ನು ಮರಕ್ಕೆ ಕಳಿಸಿರಲಿಲ್ಲ.

ನಾರ್ವೆಯ ಪಶ್ಚಿಮ ಕರಾವಳಿಯಲ್ಲಿ ಮರ ತನ್ನ ಪಾಡಿಗೆ ನಡೆದುಕೊಂಡು ಬಂದಿದೆ. ಹೊಸ ದೋಣಿ ಮೊದಲು ಹೊಟ್ಟೆ ತುಂಬ ನೀರು ಕುಡಿಯುತ್ತದೆ. ಕಲ್ಲು ಹೇರಿ, ದಡದಲ್ಲೇ ಕೆಲವು ದಿನ ಮುಳುಗಿಸಿಟ್ಟರೆ ಹಲಗೆ ಉಬ್ಬಿ ಸಂದುಗಳು ಮುಚ್ಚಿಕೊಳ್ಳುತ್ತವೆ. ಮರಗೆಲಸದ ಟೀಚರಮ್ಮ ಥುರಿಡ್ ಶಾಲೆಯ ಮಕ್ಕಳಿಗೆ ಕಲಿಸಿದ್ದೂ ಅದನ್ನೇ. ಚಳಿಗಾಲವಿಡೀ ಅವರು ಹಲಗೆಯ ಮೇಲೆ ಹಲಗೆ ಜೋಡಿಸಿ ನಾಲ್ಕು ಹುಟ್ಟಿನ ದೋಣಿಯೊಂದನ್ನು ಕಟ್ಟಿದ್ದರು.

"ಪುರಸಭೆಯ ಪರೀಕ್ಷೇಲಿ ದೋಣಿ ಪಾಸಾಗದಿದ್ರೆ ಮರಗೆಲಸದ ಕೋಣೆ ಮುಚ್ಚಿ ಮೌನಕೊಠಡಿ ಮಾಡ್ತಾರಂತೆ," ಎಂದಳು ಮುಖ್ಯೋಪಾಧ್ಯಾಯಿನಿ ಓಸ್‌ಹಿಲ್ಡ್. "ಸುತ್ತಿಗೆ ಸದ್ದಿಗೆ ಮಕ್ಕಳ ಮನಸ್ಸು ಕದಡುತ್ತೆ ಅಂತ ವರದಿ ಬಂದಿದೆ."

"ಯಾವ ಮಕ್ಕಳದ್ದು? ಸುತ್ತಿಗೆ ಹಿಡಿದಿರೋದೇ ಅವರು!"

"ವರದಿ ಅಷ್ಟು ಆಳಕ್ಕೆ ಇಳಿದಿಲ್ಲ, ಥುರಿಡ್."

ಪುರಸಭೆಯ ಸುರಕ್ಷತಾ ಅಧಿಕಾರಿ ಹೆನ್ನಿಂಗ್ ಜೀವರಕ್ಷಕ ಜಾಕೆಟ್ ತೊಟ್ಟುಕೊಂಡೇ ಕಾರಿನಿಂದ ಇಳಿದ. ದೋಣಿಯನ್ನು ನೀರಿಗೆ ತಳ್ಳಿದರು. ತಳದಲ್ಲಿ ನೀರು ಜಿನುಗಿತು.

"ತೂತು," ಎಂದ ಹೆನ್ನಿಂಗ್.

"ತೂತಲ್ಲ, ಬಾಯಾರಿಕೆ," ಎಂದಳು ಥುರಿಡ್. "ನೆನೆಯೋಕೆ ಬಿಟ್ರೆ ತಾನೇ ಸರಿಹೋಗುತ್ತೆ."

"ಬಾಯಾರಿಕೆಗೆ ನಿಯಮದಲ್ಲಿ ಅವಕಾಶ ಇಲ್ಲ."

"ನಿಯಮ ಬರೆದೋರಿಗೆ ಬಾಯಾರಿಕೇನೇ ಆಗ್ತಿರಲಿಲ್ವಾ?" ಎಂದು ಗುನ್ವೋರ್ ಎಂಬ ಹುಡುಗಿ ಕೇಳಿದಳು. ಅದು ದಾಖಲಾಗಲಿಲ್ಲ.

ಅವನು ಹೋದ ಮೇಲೆ ಥುರಿಡ್ ಕಲ್ಲು ಹೇರಿಸಿ ದೋಣಿಯನ್ನು ಮುಳುಗಿಸಿದಳು. ಮರೆತ ಛತ್ರಿಗೆಂದು ಹೆನ್ನಿಂಗ್ ಮರಳಿ ಬಂದವನು ನೀರಿನಡಿಯ ದೋಣಿಯನ್ನು ಕಂಡ. ಸಂಜೆಗೆ ಪ್ರಕಟಣೆ ಹೊರಟಿತು: "ಶಾಲಾ ದೋಣಿ ಮುಳುಗಿದೆ. ಮೃತರ ಸಂಖ್ಯೆ ಶೂನ್ಯ. ಹೆಚ್ಚುವ ಸಾಧ್ಯತೆಯನ್ನು ತಳ್ಳಿಹಾಕಲಾಗದು."

ಮಕ್ಕಳನ್ನು ಸಂತೈಸಲು ಪುರಸಭೆಯ ಮನಶ್ಶಾಸ್ತ್ರಜ್ಞೆ ಕಂಬಳಿಗಳೊಂದಿಗೆ ಬಂದಳು.

"ಏನನ್ನಿಸ್ತಿದೆ, ಪುಟ್ಟಾ?"

"ಹಸಿವು," ಎಂದಳು ಗುನ್ವೋರ್.

ಕಂದುಚೀಸು ಹಾಕಿದ ವಾಫಲ್ ಹಂಚಲಾಯಿತು. ತಿಂದಾದ ಮೇಲೆ ಮಕ್ಕಳೆಲ್ಲ ತಮ್ಮ ದುಃಖ ಇನ್ನೂ ಪೂರ್ತಿ ಇಳಿದಿಲ್ಲವೆಂದು ಒಕ್ಕೊರಲಿನಿಂದ ಒಪ್ಪಿಕೊಂಡರು.

ತನಿಖೆಯ ದಿನ ನಿಗದಿಯಾಗುವಷ್ಟರಲ್ಲಿ ವಾರ ಕಳೆದಿತ್ತು. ಕ್ರೇನು ದೋಣಿಯನ್ನು ನೀರು ತುಂಬಿದ ಹಾಗೆಯೇ ಎತ್ತಿ ಕಟ್ಟೆಯ ಮೇಲಿಟ್ಟಿತು. ಬಿಸಿಲಿಗೆ ಹೊರಮೈ ಆರಿತು. ಹೆನ್ನಿಂಗ್ ಮಂಡಿಯೂರಿ ತಳ ಸವರಿದ.

"ಒಂದು ಹನೀನೂ ಸೋರ್ತಿಲ್ವಲ್ಲ!"

"ಮೊದಲಿಂದ ನಾನು ಬಡ್ಕೊಂಡಿದ್ದು ಇದನ್ನೇ," ಎಂದಳು ಥುರಿಡ್. "ಪಾಸ್ ಮಾಡಿ."

"ಆಗಲ್ಲ. ಮುಳುಗಿದ ದೋಣಿಗೆ ಮರುಪರೀಕ್ಷೆ ಇಲ್ಲ. ದೋಣಿಯಾಗಿ ಇದು ತೀರಿಕೊಂಡಿದೆ." ಅವನು ತುಂಬಿದ ನೀರನ್ನು ಭಕ್ತಿಯಿಂದ ನೋಡಿದ. "ಆದ್ರೆ ನೀರಿನ ತೊಟ್ಟಿಯಾಗಿ ಇದಕ್ಕಿಂತ ಒಳ್ಳೇದನ್ನ ನಾನು ಕಂಡಿಲ್ಲ."

ಥುರಿಡ್‌ಗೆ ಮೈ ಉರಿಯಿತು. ಅವಳ ಅಪ್ಪ, ಅಜ್ಜ ದೋಣಿ ಕಟ್ಟಿದವರು. ತೊಟ್ಟಿ ಕಟ್ಟಿದವರು ಮನೆತನದಲ್ಲೇ ಇರಲಿಲ್ಲ. ಆದರೆ ಬೆನ್ನ ಹಿಂದೆ ಮಕ್ಕಳು ಉಸಿರು ಬಿಗಿಹಿಡಿದು ನಿಂತಿದ್ದರು. ಮೌನಕೊಠಡಿ ಹೇಗಿರುತ್ತದೆಂದು ಅವಳಿಗೆ ಆಗ ಗೊತ್ತಾಯಿತು.

"ತೊಟ್ಟಿ ಪಾಸಾದ್ರೆ ಮರಗೆಲಸದ ಕೋಣೆ ಉಳಿಯುತ್ತಾ?"

"ಖಂಡಿತ. ತೊಟ್ಟಿ ಅಗತ್ಯ ಸೇವೆ."

"ತೊಟ್ಟಿಗೆ ಹುಟ್ಟು ಹಾಕಬಾರದು ಅಂತ ನಿಯಮ ಇದೆಯಾ?"

ಹೆನ್ನಿಂಗ್ ನಿಯಮದ ಪುಸ್ತಕವನ್ನು ಕೊನೆಯ ಪುಟದವರೆಗೆ ತಿರುವಿದ. "ಇಲ್ಲ. ಯಾರಿಗೂ ಹೊಳೆದಿಲ್ಲ."

"ಹಾಗಾದ್ರೆ ತೊಟ್ಟಿ ಅಂತಲೇ ಬರೀರಿ."

ಸುದ್ದಿ ಹಬ್ಬಿ, ದೋಣಿಪರೀಕ್ಷೆಯ ಗೋಜೇ ಬೇಡವೆಂದು ಊರಿನ ಮೀನುಗಾರರೆಲ್ಲ ತಂತಮ್ಮ ದೋಣಿಗಳನ್ನು ತೊಟ್ಟಿಗಳೆಂದು ನೋಂದಾಯಿಸಿದರು. ಬೇಸಿಗೆಯ ದೋಣಿಪಂದ್ಯವು ತೊಟ್ಟಿಪಂದ್ಯವಾಯಿತು. ಶಾಲೆಯ ತೊಟ್ಟಿ ಮುಂದಿತ್ತು. ಅದರಲ್ಲಿ ಅತಿಥಿಯಾಗಿ ಹೆನ್ನಿಂಗ್ ಕೂತಿದ್ದ. ಅಲೆಯೊಂದು ಒಳಗೆ ಹಾರಿತು. ಗುನ್ವೋರ್ ನೀರೆತ್ತಿ ಹೊರಚೆಲ್ಲಲು ಹೋದಳು.

"ಚೆಲ್ಲಬೇಡಮ್ಮ!" ಎಂದ ಅವನು. "ತೊಟ್ಟಿ ಖಾಲಿ ಇರೋ ಹಾಗಿಲ್ಲ."

ಈಗ ಸ್ಕಾರ್ವಿಕ್‌ನಲ್ಲಿ ಕಡಲಿಗೆ ಹೊರಡುವವರು ಮೊದಲು ಒಂದು ಬಕೆಟ್ ನೀರನ್ನು ತಮ್ಮ ತೊಟ್ಟಿಯೊಳಗೆ ಸುರಿದುಕೊಳ್ಳುತ್ತಾರೆ. ಯಾಕೆಂದು ಯಾರೂ ಕೇಳುವುದಿಲ್ಲ. ಎಲ್ಲರ ಕಾಲಲ್ಲೂ ರಬ್ಬರ್ ಬೂಟು ಇರುತ್ತದೆ.