ಸೊಟ್ಟ ರೂಪಾಯಿಯ ಗೃಹಪ್ರವೇಶ

ತಪ್ಪು ಹುಡುಕುವುದರಲ್ಲಿ ನನ್ನನ್ನು ಮೀರಿಸುವವರು ಚಂದ್ರಾ ಲೇಔಟಿನಲ್ಲಿ ಇನ್ನೂ ಹುಟ್ಟಿಲ್ಲ. ಇದು ಜಂಬದ ಮಾತಲ್ಲ. ಬೇಕಾದರೆ ನಮ್ಮ ಯಜಮಾನರಾದ ಶ್ರೀಕಂಠ ಅವರನ್ನೇ ಕೇಳಿ. "ನಮ್ಮ ವತ್ಸಲಾಗೆ ಅದರಲ್ಲಿ ಒಳ್ಳೇ ಪ್ರಾಕ್ಟೀಸು. ಮದುವೆಯಾದಾಗಿನಿಂದ ನನ್ನ ಮೇಲೇ ಮಾಡಿದಾಳೆ" ಎಂದು ಮನೆಗೆ ಬಂದವರಿಗೆಲ್ಲ ಅವರೇ ಹೇಳುತ್ತಾರೆ. ಇಂಥ ದೈವದತ್ತ ಪ್ರತಿಭೆಯನ್ನು ಒಬ್ಬ ಗಂಡಸಿನ ಮೇಲೆ ಪೋಲು ಮಾಡುವುದು ನ್ಯಾಯವಲ್ಲವೆಂದು ನಾನು ಅದನ್ನು ನಾಣ್ಯಗಳ ಕಡೆಗೆ ತಿರುಗಿಸಿದೆ.

ಜನ ರಾಜಮಹಾರಾಜರ ಕಾಲದ ನಾಣ್ಯ ಕೂಡಿಡುತ್ತಾರೆ, ಹೊರದೇಶದ್ದು ಕೂಡಿಡುತ್ತಾರೆ. ನಾನು ಕೂಡಿಡುವುದು ತಪ್ಪಾಗಿ ಹುಟ್ಟಿದ ನಾಣ್ಯಗಳನ್ನು. ಟಂಕಸಾಲೆಯ ಯಂತ್ರವೂ ಒಮ್ಮೊಮ್ಮೆ ತೂಕಡಿಸುತ್ತದೆ. ಆಗ ಒಂದರಲ್ಲಿ ಅಕ್ಷರ ಎರಡೆರಡಾಗಿ ಬೀಳುತ್ತದೆ, ಇನ್ನೊಂದರಲ್ಲಿ ಒಂದು ಮುಖ ಬೋಳಾಗಿರುತ್ತದೆ, ಮತ್ತೊಂದನ್ನು ಪಕ್ಕಕ್ಕೆ ಮಗುಚಿದರೆ ಸಿಂಹ ತಲೆಕೆಳಗಾಗಿ ನಿಂತಿರುತ್ತದೆ. ತಪಾಸಣೆಯವರ ಕಣ್ಣು ತಪ್ಪಿಸಿ ಇಂಥವು ಪೇಟೆಗೆ ಬಂದುಬಿಡುತ್ತವೆ. ಯಾರ ಕಣ್ಣು ತಪ್ಪಿಸಿದರೂ ನನ್ನ ಕಣ್ಣು ತಪ್ಪಿಸಲಾರವು!

ಕಷ್ಟವೇನೆಂದರೆ, ಈಗ ನಾಣ್ಯವೇ ಕೈಗೆ ಸಿಗುವುದಿಲ್ಲ. ಎಳನೀರಿನವರಿಂದ ಹಿಡಿದು ಚಪ್ಪಲಿ ಹೊಲಿಯುವವರ ತನಕ ಎಲ್ಲರೂ ಸ್ಕ್ಯಾನರ್ ನೇತುಹಾಕಿದ್ದಾರೆ. ನಮ್ಮ ರಸ್ತೆಯ ದರ್ಶಿನಿಯಲ್ಲಿ ನಾನು ನೋಟು ಚಾಚಿದರೆ ಸಾಕು, ಕ್ಯಾಶ್ ಕೌಂಟರಿನವನ ಮುಖ ಹುಳಿಯಾಗುತ್ತದೆ.

"ಆಂಟಿ, ಸ್ಕ್ಯಾನ್ ಮಾಡಿ ಆಂಟಿ. ಚಿಲ್ರೆ ಇಲ್ಲ."

"ಚಿಲ್ಲರೆಗೋಸ್ಕರಾನೇ ಅಲ್ವೇನಪ್ಪಾ ಕಾಫಿ ಕುಡಿದಿದ್ದು!"

ಹೀಗೆ ಹೊಟ್ಟೆಗೆ ಬೇಡವಾದ ಕಾಫಿ ಕುಡಿದು, ಮನೆಗೆ ಬೇಡವಾದ ಕರಿಬೇವು ಕೊಂಡು, ಒಂದು ದಿನ ವಿಜಯನಗರದ ಹೂವಿನ ಅಂಗಡಿಯಲ್ಲಿ ನನ್ನ ಭಾಗ್ಯದ ಬಾಗಿಲು ತೆರೆಯಿತು. ಹೂವಿನ ಜೊತೆ ಕೈಗೆ ಬಂದ ಒಂದು ರೂಪಾಯಿಯಲ್ಲಿ ಅಚ್ಚು ನಡುವೆ ಬೀಳದೆ ಪೂರ್ತಿ ಒಂದು ಪಕ್ಕಕ್ಕೆ ಜಾರಿತ್ತು. ಒಂದು ಅಂಚು ಚಂದ್ರನ ತುಣುಕಿನ ಹಾಗೆ ಖಾಲಿ, ಇನ್ನೊಂದು ಕಡೆ ಅಕ್ಷರಗಳು ಅರ್ಧಕ್ಕೇ ಮಾಯ! ನಾನು ಸಂತೋಷಕ್ಕೆ ಹೂವನ್ನು ಅಂಗಡಿಯಲ್ಲೇ ಬಿಟ್ಟು ಮನೆಗೆ ಓಡಿ ಬಂದೆ. ಯಜಮಾನರು ಅದನ್ನು ನೋಡಿ, "ಸೊಟ್ಟ ರೂಪಾಯಿ" ಎಂದು ನಾಮಕರಣ ಮಾಡಿ ಪೇಪರ್ ಓದಲು ಕುಳಿತರು. ರಸಜ್ಞರಲ್ಲದವರ ಜೊತೆ ಸಂಸಾರ ಮಾಡುವುದು ಎಷ್ಟು ಕಷ್ಟ ಎಂದು ನನಗೇ ಗೊತ್ತು.

ಆದರೆ ರಾಜಾಜಿನಗರದ ನಮ್ಮ ನಾಣ್ಯಪ್ರಿಯರ ಬಳಗದಲ್ಲಿ ಗದ್ದಲವೋ ಗದ್ದಲ. ಬಳಗದ ಹಿರಿಯರೊಬ್ಬರು ಭೂತಗನ್ನಡಿಯಲ್ಲಿ ನೋಡಿ, "ಅಮ್ಮಾ, ಮುಂದಿನ ಪ್ರದರ್ಶನದಲ್ಲಿ ನಿಮಗೇ ಒಂದು ಟೇಬಲ್" ಎಂದುಬಿಟ್ಟರು. ಅಂದಿನಿಂದ ಆ ರೂಪಾಯಿಯನ್ನು ಪುಟ್ಟ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಪರ್ಸಿನಲ್ಲಿಟ್ಟುಕೊಂಡು, ಹೋದಲ್ಲೆಲ್ಲ ತೋರಿಸುತ್ತ ತಿರುಗಿದೆ.

ಪ್ರದರ್ಶನ ಭಾನುವಾರ. ಅದಕ್ಕೆ ಮುಂಚಿನ ಶುಕ್ರವಾರ ಬ್ಯಾಡರಹಳ್ಳಿಯಲ್ಲಿ ಗಿರಿಜತ್ತಿಗೆಯ ಹೊಸ ಮನೆಯ ಗೃಹಪ್ರವೇಶ.

ಗಿರಿಜತ್ತಿಗೆ ಎಂದರೆ ಯಜಮಾನರ ಅಕ್ಕ. ತಾಯಿಯಿಲ್ಲದ ತಮ್ಮನನ್ನು ಎತ್ತಿ ಆಡಿಸಿ ದೊಡ್ಡವರನ್ನಾಗಿ ಮಾಡಿದವರು. ಅಂಥವರು ಕಳೆದ ವರ್ಷದಿಂದ ನಮ್ಮ ಜೊತೆ ಮಾತು ಬಿಟ್ಟಿದ್ದರು. ಕಾರಣ ದೊಡ್ಡದೇನಲ್ಲ. ಅವರ ಮಗಳ ಮದುವೆಯಲ್ಲಿ ಬೀಗರ ಪಂಕ್ತಿಯಲ್ಲಿ ಕೂತು, "ಸಾರಿಗೆ ಉಪ್ಪು ಜಾಸ್ತಿ ಆಯ್ತು" ಎಂದಿದ್ದೆ. ಜಾಸ್ತಿಯಾಗಿತ್ತು, ಹೇಳಿದೆ! ಆದರೂ ಹಿರಿಯರು ಅವರೇ ಸೋತು, ಕುಂಕುಮ ಹಿಡಿದು ನಮ್ಮ ಮನೆಗೆ ಬಂದು ಕರೆದು ಹೋದರು. ಅವರು ಹೋದ ಮೇಲೆ ಯಜಮಾನರು ಗೇಟಿನ ಹತ್ತಿರ ನಿಂತು ಕರ್ಚೀಫಿನಲ್ಲಿ ಕಣ್ಣೊರೆಸಿಕೊಂಡಿದ್ದನ್ನು ಕಿಟಕಿಯಿಂದ ನೋಡಿದೆ.

"ನೋಡು ವತ್ಸಲಾ," ಅವರು ಕೈಮುಗಿದೇ ಹೇಳಿದರು, "ಈ ಸಲ ಒಂದೇ ಒಂದು ತಪ್ಪೂ ಹುಡುಕಬೇಡ. ಗೋಡೆ ಸೊಟ್ಟ ಇದ್ರೂ ನೆಟ್ಟಗಿದೆ ಅನ್ನು."

"ನಾನೇನು ಮಗುವಾ? ನನಗೆ ಬಿಡಿ" ಎಂದೆ. ನನ್ನ ಜೀವನದ ಎಲ್ಲ ಅನಾಹುತಗಳೂ "ನನಗೆ ಬಿಡಿ" ಎಂಬ ಮಾತಿನಿಂದಲೇ ಶುರುವಾಗಿವೆ.

ಮುಯ್ಯಿ ಹಾಕಲು ರೂಪಾಯಿ ಅಂಟಿಸಿದ ಕವರು ತಂದಿದ್ದೆ. ಅಂಗಡಿಯಲ್ಲಿ ಸಿಗುತ್ತದಲ್ಲ, ಮೂಲೆಯಲ್ಲಿ ನಾಣ್ಯ ಅಂಟಿಸಿದ್ದು, ಅದೇ. ಬೇರೆ ಹೆಂಗಸರಾಗಿದ್ದರೆ ಅದರೊಳಗೆ ದುಡ್ಡು ಹಾಕಿ ಸುಮ್ಮನಾಗುತ್ತಿದ್ದರು. ನನಗೆ ಆ ರೂಪಾಯಿಯ ಹಿಂಬದಿ ನೋಡದೆ ಇರಲಾಗಲಿಲ್ಲ. ಉಗುರಿನಿಂದ ಕಿತ್ತು ಮಗುಚಿ ನೋಡಿದೆ. ಒಂದು ತಪ್ಪೂ ಇರಲಿಲ್ಲ. ಬೇಜಾರಾಗಿ ಪರ್ಸಿಗೆ ಹಾಕಿದೆ.

ಗೃಹಪ್ರವೇಶದಲ್ಲಿ ನಾನು ಆದರ್ಶ ನಾರಿ. ಹೋಮದ ಹೊಗೆಗೆ ಕಣ್ಣುರಿದರೂ ನಕ್ಕೆ. ಅಡುಗೆಮನೆಯ ಕಟ್ಟೆ ಎತ್ತರವಾಗಿದ್ದರೂ "ಎಷ್ಟು ಲಕ್ಷಣವಾಗಿದೆ!" ಎಂದೆ. ಗಿರಿಜತ್ತಿಗೆ ನನ್ನ ಕೈಹಿಡಿದು, "ಊಟ ಮಾಡ್ಕೊಂಡೇ ಹೋಗಬೇಕು" ಎಂದರು. ಯಜಮಾನರ ಮುಖ ಅರಳಿತು. ಸುಮ್ಮನೆ ಕುರ್ಚಿಯಲ್ಲಿ ಕೂತಿದ್ದರೆ ಚೆನ್ನಾಗಿತ್ತು. ಪಕ್ಕದಲ್ಲಿ ಬ್ಯಾಂಕಿನಿಂದ ನಿವೃತ್ತರಾದ ಒಬ್ಬರು ಕೂತಿದ್ದರು. ದುಡ್ಡಿನ ವಿಷಯ ಬಲ್ಲವರು ಎಂದು ಸೊಟ್ಟ ರೂಪಾಯಿಯನ್ನು ಚೀಲದಿಂದ ತೆಗೆದು ಅವರ ಅಂಗೈ ಮೇಲಿಟ್ಟೆ.

ಅವರು ಕನಿಕರದಿಂದ, "ಇದು ನಡಿಯಲ್ಲಮ್ಮಾ. ಯಾರೋ ನಿಮಗೆ ಟೋಪಿ ಹಾಕಿದಾರೆ" ಎಂದರು.

ನಾನು ಅವರಿಗೆ ಪಾಠ ಶುರು ಮಾಡುವಷ್ಟರಲ್ಲಿ ಯಜಮಾನರು ದೂರದಿಂದಲೇ ಕಣ್ಣು ಬಿಟ್ಟರು. ಗಡಿಬಿಡಿಯಲ್ಲಿ ನಾಣ್ಯವನ್ನು ಹಾಗೇ ಪರ್ಸಿಗೆ ತುರುಕಿದೆ. ಊಟ ಮುಗಿದು ಮುಯ್ಯಿ ಕೊಡುವ ಹೊತ್ತಿಗೆ ಅವರು ಕವರು ನೋಡಿ, "ಇದರ ರೂಪಾಯಿ ಎಲ್ಲೇ?" ಎಂದರು.

"ಅದಾ... ತಪಾಸಣೆ ಮಾಡಿದ್ದೆ."

"ಹಾಗೇ ಕೊಟ್ಟುಬಿಡೋಣ ಬಿಡು."

"ಥೂ, ಸೊನ್ನೆಗೆ ಮುಗಿಯೋ ಮುಯ್ಯಿ ಹಾಕ್ತಾರೇನ್ರೀ, ಅದೂ ಹೊಸ ಮನೆಗೆ? ನನಗೆ ಬಿಡಿ."

ಫೋಟೋದಲ್ಲಿ ವಯಸ್ಸು ಕಾಣುತ್ತದೆಂದು ಕನ್ನಡಕ ಮನೆಯಲ್ಲೇ ಬಿಟ್ಟಿದ್ದೆ. ಪರ್ಸಿಗೆ ಕೈಹಾಕಿ ಸಿಕ್ಕ ರೂಪಾಯಿ ತೆಗೆದೆ. ಬಡಿಸುತ್ತಿದ್ದವರ ಹತ್ತಿರ ನಾಲ್ಕು ಅಗುಳು ಅನ್ನ ಇಸಿದುಕೊಂಡು, ಕವರಿನ ಮೇಲೆ ಅರೆದು, ನಾಣ್ಯವನ್ನು ಗಟ್ಟಿಯಾಗಿ ಒತ್ತಿ ಅಂಟಿಸಿ, ಅತ್ತಿಗೆಯ ಕೈಗಿಟ್ಟು ಕಾಲಿಗೆ ನಮಸ್ಕಾರ ಮಾಡಿದೆ. ಎಂಥ ಸಮಯಸ್ಫೂರ್ತಿ ಎಂದು ದಾರಿಯುದ್ದಕ್ಕೂ ನನ್ನನ್ನು ನಾನೇ ಹೊಗಳಿಕೊಂಡೆ.

ಮನೆಗೆ ಬಂದು, ಕನ್ನಡಕ ಹಾಕಿಕೊಂಡು, ಪರ್ಸು ತೆಗೆದರೆ ಅದರಲ್ಲಿ ದುಂಡಗೆ, ನೆಟ್ಟಗೆ, ಮುದ್ದಾದ ಒಂದು ರೂಪಾಯಿ ಕುಳಿತಿತ್ತು. ಬೆನ್ನಿಗೆ ಅಂಗಡಿಯವರ ಗೋಂದು ಕೂಡ ಇತ್ತು. ತಪ್ಪಿಲ್ಲದ ನಾಣ್ಯ ನೋಡಿ ನನ್ನ ಎದೆ ಒಡೆದದ್ದು ಅದೇ ಮೊದಲು!

"ರೀ! ಸೊಟ್ಟ ರೂಪಾಯಿ ಮುಯ್ಯಿಗೆ ಹೋಯ್ತು ರೀ!"

ಯಜಮಾನರು ಬನಿಯನ್ನಿನಲ್ಲೇ ಓಡಿಬಂದರು. ವಿಷಯ ಕೇಳಿ ಮೊದಲು ನಕ್ಕರು, ಆಮೇಲೆ ನನ್ನ ಕೈಯಿಂದ ಫೋನು ಕಿತ್ತುಕೊಂಡರು. "ಏನಂತ ಕೇಳ್ತೀಯಾ? ಹಾಕಿದ ಮುಯ್ಯಿ ವಾಪಸ್ ಕೊಡಿ ಅಂತಲಾ? ಒಂದು ವರ್ಷ ಆದ್ಮೇಲೆ ನಮ್ಮಕ್ಕ ನಗ್ತಾ ಮಾತಾಡಿದಾರೆ ಕಣೇ. ಕೈ ಮುಗೀತೀನಿ, ಅದನ್ನ ಮರ್ತುಬಿಡು."

ಮರೆಯುವುದೇ! ನಾಡಿದ್ದು ಪ್ರದರ್ಶನ ಇಟ್ಟುಕೊಂಡು! ನಾನು ಕೇಳುವುದಿಲ್ಲ, ಹೋಗಿ ಸದ್ದಿಲ್ಲದೆ ಒಳ್ಳೆಯ ರೂಪಾಯಿ ಇಟ್ಟು ಸೊಟ್ಟದ್ದನ್ನು ತರುತ್ತೇನೆ ಎಂದು ತೀರ್ಮಾನಿಸಿದೆ. ಇದರಲ್ಲಿ ಅನ್ಯಾಯವೇನು? ರೂಪಾಯಿಗೆ ರೂಪಾಯಿ! ಶನಿವಾರ ಯಜಮಾನರು ತರಕಾರಿಗೆ ಹೋದದ್ದೇ ತಡ, ಬಸ್ಸು ಹತ್ತಿದೆ.

ಗಿರಿಜತ್ತಿಗೆ ಬಾಗಿಲು ತೆರೆದರು. ನಿನ್ನೆಯ ನಗು ಮುಖದ ಮೇಲೆ ಇರಲಿಲ್ಲ. "ಬಾ" ಎಂದರು, ಅಷ್ಟೆ. ಬಾಗಿಲ ಪಕ್ಕ ಬಡಗಿಯೊಬ್ಬರು ಉಳಿದ ಕೆಲಸ ಮುಗಿಸುತ್ತ ಕೂತಿದ್ದರು.

"ಛತ್ರಿ ಮರೆತು ಹೋಗಿದ್ದೆ ಅತ್ತಿಗೆ."

"ನಿನ್ನೆ ಮಳೆ ಬಂದಿರಲಿಲ್ವಲ್ಲ."

"ಬಿಸಿಲಿಗೆ ತಂದಿದ್ದೆ."

"ಕಾರಲ್ಲಿ ಬಂದ್ರಲ್ಲ."

ಹಿರಿಯರಾದವರು ಇಷ್ಟು ತಪ್ಪು ಹುಡುಕಬಾರದು ಎಂದುಕೊಂಡೆ. "ನಾನೇ ನೋಡ್ಕೋತೀನಿ, ನೀವು ಕೂತ್ಕೊಳ್ಳಿ" ಎಂದು ರೂಮಿಗೆ ನುಗ್ಗಿದೆ. ಮಂಚದ ಮೇಲೆ ಒಂದು ಬಟ್ಟೆಯಂಗಡಿಯ ಬ್ಯಾಗು, ಅದರ ತುಂಬ ಮುಯ್ಯಿ ಕವರುಗಳು! ನಾನು ಮೊಣಕೈಯವರೆಗೂ ಕೈ ಇಳಿಸಿ, ಅನ್ನ ಅಂಟಿದ ಕವರಿಗಾಗಿ ತಡಕಾಡುತ್ತಿದ್ದೆ. ಹಿಂದಿನಿಂದ ದನಿ ಬಂತು.

"ವತ್ಸಲಾ, ಮುಯ್ಯಿ ಬ್ಯಾಗಲ್ಲಿ ಏನ್ ಹುಡುಕ್ತಿದೀಯಾ?"

ಕೈ ಬ್ಯಾಗಿನಲ್ಲೇ ಇತ್ತು. "ಛತ್ರಿ" ಎಂದೆ. ಸಾಲದೆಂದು, "ಮಡಚೋ ಛತ್ರಿ" ಎಂದೂ ಸೇರಿಸಿದೆ.

ಅತ್ತಿಗೆ ಸೆರಗಿನ ತುದಿಯ ಗಂಟು ಬಿಚ್ಚಿದರು. ಅಂಗೈ ಮೇಲೆ ನನ್ನ ಸೊಟ್ಟ ರೂಪಾಯಿ! ಇನ್ನೂ ಒಂದು ಅಗುಳು ಒಣಗಿ ಅಂಟಿಕೊಂಡಿತ್ತು.

"ಇದನ್ನೇನಾ?" ಎಂದರು. "ಉಪ್ಪು ಜಾಸ್ತಿ ಅಂದೆ, ನುಂಗ್ಕೊಂಡೆ. ನಾನೇ ಕುಂಕುಮ ಹಿಡ್ಕೊಂಡು ನಿನ್ನ ಬಾಗಿಲಿಗೆ ಬಂದೆ. ಎಲ್ಲೂ ನಡೀದೇ ಇರೋ ರೂಪಾಯೀನ ತಂದು ನನ್ನ ಹೊಸ ಮನೆಗೆ ದಾಟಿಸಿದ್ಯಲ್ಲೇ! ಅದು ಬೀಗಿತ್ತಿ ಕೈಗೇ ಸಿಗಬೇಕಾ? ‘ನಿಮ್ಮ ತಮ್ಮ ಕೊಟ್ಟಿದ್ದಾ?’ ಅಂತ ಎಲ್ಲರ ಮುಂದೆ ನಕ್ಕರು." ಸೆರಗಿನಿಂದ ಕಣ್ಣೊತ್ತಿಕೊಂಡು ಕೇಳಿದರು: "ಶ್ರೀಕಂಠಂಗೂ ಗೊತ್ತಿತ್ತಾ ಇದು?"

ಆ ಕೊನೆಯ ಮಾತಿಗೆ ಗೇಟಿನ ಹತ್ತಿರ ಕಣ್ಣೊರೆಸಿಕೊಂಡ ಯಜಮಾನರು ಕಣ್ಣಮುಂದೆ ಬಂದರು. ಕೈತಪ್ಪಿನಿಂದ ಬಂತು ಎಂದರೆ ನಂಬುವ ಸ್ಥಿತಿಯಲ್ಲಿ ಅತ್ತಿಗೆ ಇರಲಿಲ್ಲ. ಬ್ಯಾಗಿನಲ್ಲಿ ಕೈಯಿಟ್ಟುಕೊಂಡು ಹೇಳಿದರೆ ದೇವರೂ ನಂಬುವುದಿಲ್ಲ. ಆದರೆ ನಾನು ಯಾರು? ವತ್ಸಲಾ! ಕೈ ಹೊರಗೆಳೆದು, ಎದೆಯುಬ್ಬಿಸಿ ಹೇಳಿಯೇಬಿಟ್ಟೆ: "ಬೇಕು ಅಂತಲೇ ಇಟ್ಟೆ ಅತ್ತಿಗೆ! ನನ್ನ ಹತ್ತಿರ ಇರೋದ್ರಲ್ಲೆಲ್ಲಾ ಅಪರೂಪದ್ದು ಅದೇ. ನಿಮಗಲ್ಲದೆ ಇನ್ಯಾರಿಗೆ ಕೊಡಲಿ?"

ಅವರು ನಂಬಲಿಲ್ಲ. ಫೋನಿನಲ್ಲಿ ಬಳಗದವರು ಬರೆದ ಹೊಗಳಿಕೆಗಳನ್ನೆಲ್ಲ ಓದಿ ಹೇಳಿದೆ. ಲಕ್ಷ ಲಕ್ಷ ನಾಣ್ಯಗಳಲ್ಲಿ ಇಂಥದ್ದು ಹುಡುಕಿದರೂ ಸಿಗುವುದಿಲ್ಲ ಎಂದೆ. ಹೇಳುತ್ತ ಹೇಳುತ್ತ ನನಗೇ ನನ್ನ ತ್ಯಾಗದ ಮೇಲೆ ಭಕ್ತಿ ಬಂತು.

"ಅಷ್ಟು ದೊಡ್ಡದನ್ನ ನನಗೋಸ್ಕರ ಕೊಟ್ಟುಬಿಟ್ಯಾ? ಒಂದು ಮಾತೂ ಹೇಳದೆ?" ಗಿರಿಜತ್ತಿಗೆ ನನ್ನನ್ನು ತಬ್ಬಿಕೊಂಡು ಅತ್ತರು. ನಾನೂ ಅತ್ತೆ. ಅವರದು ಆನಂದಕ್ಕೆ, ನನ್ನದು ರೂಪಾಯಿಗೆ. ಅರ್ಧ ಗಂಟೆಯಿಂದ ನೀರು ಕೂಡ ಕೊಡದವರು ಕಾಫಿ, ಕೇಸರಿಬಾತು ತಂದಿಟ್ಟರು. ತಮ್ಮನಿಗೆ ಫೋನು ಮಾಡಿ, "ನಿನ್ನ ಹೆಂಡತಿ ಬಂಗಾರ ಕಣೋ" ಎಂದರು. ಆ ಕಡೆಯಿಂದ "ಯಾರು ಬೇಕಿತ್ತು?" ಎಂದು ಕೇಳಿಸಿತು. ಪಾಪ, ರಾಂಗ್ ನಂಬರ್ ಎಂದುಕೊಂಡಿರಬೇಕು.

ನಾನು ಕೇಸರಿಬಾತು ನುಂಗಿ ನಯವಾಗಿ ಶುರುಮಾಡಿದೆ. "ಅತ್ತಿಗೆ, ನಾಳೆ ಒಂದೇ ಒಂದು ದಿನದ ಮಟ್ಟಿಗೆ..."

"ಏನು?"

"ಅದನ್ನ ನಾಲ್ಕು ಜನಕ್ಕೆ ತೋರಿಸಿ..."

"ತೋರ್ಸೋಣ! ಬಂದವರಿಗೆಲ್ಲ ಕಾಣೋ ಹಾಗೆ ಇಡಿಸ್ತೀನಿ. ಹೊಸ ಮನೆಗೆ ಬಂದ ಲಕ್ಷ್ಮೀನ ಆಚೆ ಕಳಿಸ್ತಾರಾ?" ಎನ್ನುತ್ತ ಅಡುಗೆಮನೆಗೆ ಹೋದವರು ಹುಣಸೆಹಣ್ಣು, ಉಪ್ಪು, ಪಾತ್ರೆ ಉಜ್ಜುವ ಸ್ಟೀಲಿನ ನಾರು ಹಿಡಿದರು. ನಾಣ್ಯ ಕೂಡಿಡುವವರ ಮೊದಲ ಪಾಠ, ಅದನ್ನು ಎಂದೂ ಉಜ್ಜಬಾರದು ಎಂಬುದು. ನಾನು ಗ್ರಾನೈಟ್ ಕಟ್ಟೆ ಹಿಡಿದುಕೊಂಡು ನಿಂತೆ. ಒಂದೊಂದು ಗೀರಿಗೂ ನನ್ನ ಚರ್ಮವೇ ಸುಲಿದಂತಾಗುತ್ತಿತ್ತು. "ಹೆಂಗೆ ಬೆಳಗ್ತಿದೆ ನೋಡು!" ಎಂದರು. "ಹೌದು ಅತ್ತಿಗೆ" ಎಂದೆ.

ಆಮೇಲೆ ಬಡಗಿಯನ್ನು ಕರೆದು, ಹೊಸಿಲಿನ ನಟ್ಟನಡುವೆ ಒಂದು ಗುಳಿ ತೆಗೆಸಿ, ಅದರಲ್ಲಿ ಅಂಟು ತುಂಬಿಸಿ, ನನ್ನ ಕೈಯಿಂದಲೇ ರೂಪಾಯಿ ಇಡಿಸಿದರು. "ನೀನೇ ಇಡಬೇಕು, ನೀನು ಕೊಟ್ಟಿದ್ದು." ನಾನು ತುದಿಬೆರಳಲ್ಲಿ ಮೆಲ್ಲಗೆ ಇಟ್ಟೆ. ಬಡಗಿ ಅದರ ಮೇಲೆ ಹೆಬ್ಬೆರಳು ಒತ್ತಿ, "ಇನ್ನು ಹೊಸಿಲು ಒಡೆದ್ರೂ ಇದು ಬಿಡಲ್ಲ ಮೇಡಂ" ಎಂದು ಧೈರ್ಯ ಹೇಳಿದರು. ಅತ್ತಿಗೆ ಅರಿಸಿನ ಕುಂಕುಮ ಹಚ್ಚಿದರು. ನಾನು ಕೈಮುಗಿದೆ.

ಸಂಜೆ ಯಜಮಾನರು ಹೊರಗೆ ಹೋಗಿ ಒಂದು ಮೊಳ ಮಲ್ಲಿಗೆ ತಂದು ಕೊಟ್ಟರು. ನಿಜ ಹೇಳುತ್ತೇನೆ, ಖುಷಿಯಾಯಿತು. ಆದರೆ ಹೂವನ್ನು ಪ್ರದರ್ಶನದ ಟೇಬಲ್ ಮೇಲೆ ಇಡಲು ಬರುವುದಿಲ್ಲವಲ್ಲ!

ಭಾನುವಾರ ರಾಜಾಜಿನಗರದ ಸಭಾಂಗಣದಲ್ಲಿ ನನ್ನ ಹೆಸರಿನ ಟೇಬಲ್ ಸಿದ್ಧವಾಗಿತ್ತು. ಕೆಂಪು ಮಖಮಲ್ಲಿನ ಬಟ್ಟೆ, ಗಾಜಿನ ಪೆಟ್ಟಿಗೆ, "ಅತ್ಯಪರೂಪದ ತಪ್ಪು" ಎಂಬ ದಪ್ಪಕ್ಷರದ ಫಲಕ. ಪೆಟ್ಟಿಗೆ ಖಾಲಿ ಬಿಟ್ಟರೆ ಮರ್ಯಾದೆ ಹೋಗುತ್ತದೆ. ಪರ್ಸಿನಲ್ಲಿ ಉಳಿದಿದ್ದ ಆ ಗೋಂದಿನ ರೂಪಾಯಿಯನ್ನೇ ಇಟ್ಟು, ಹಿಂದೆ ಗಂಭೀರವಾಗಿ ಕೂತೆ.

ಬಳಗದ ಹಿರಿಯರು ಬಂದು, ಸೊಟ್ಟದ್ದಕ್ಕಿಂತ ಅಪರೂಪದ್ದು ತಂದಿದ್ದೇನೆಂದು ತಿಳಿದರು. ಭೂತಗನ್ನಡಿ ಹಿಡಿದು ಬಗ್ಗಿದರು. ಆ ಕಡೆಯಿಂದ ನೋಡಿದರು, ಈ ಕಡೆಯಿಂದ ನೋಡಿದರು. ಮಗುಚಿ ನೋಡಿದರು. ಅಂಚನ್ನು ಬೆಳಕಿಗೆ ಹಿಡಿದರು. ಹಿಂದೆ ಸಾಲು ಬೆಳೆಯಿತು. ಕೊನೆಗೆ ಬೆವರೊರೆಸಿಕೊಂಡು, ಸೋತ ದನಿಯಲ್ಲಿ ಕೇಳಿದರು: "ಅಮ್ಮಾ, ನನ್ನ ಕಣ್ಣಿಗೆ ಕಾಣ್ತಾನೇ ಇಲ್ಲ. ತಪ್ಪು ಎಲ್ಲಿದೆ?"

"ಪೆಟ್ಟಿಗೆ ಒಳಗೆ ಹುಡುಕಬೇಡಿ ಸಾರ್," ಎಂದೆ. "ಹಿಂದುಗಡೆ ಕುರ್ಚಿ ಮೇಲೆ ಕೂತಿದೆ."