ಮಾಮನ ಟೈನಿ

ಟೈನಿ ಎಂಬ ಪದವನ್ನು ನನ್ನ ಸೋದರಮಾವನಷ್ಟು ಧಾರಾಳವಾಗಿ ಬಳಸಿದವರು ಈ ಭೂಮಿಯ ಮೇಲೆ ಯಾರಾದರೂ ಇದ್ದರೆ ತೋರಿಸಿ! ಇಂಗ್ಲೆಂಡಿನಲ್ಲೂ ಇರಲಾರರು. ಈ ವಯಸ್ಸಿನಲ್ಲೂ ನೆನೆದು ಒಬ್ಬಳೇ ನಗುತ್ತೇನೆ.

ಕಲಿಸಿದ ಪಾಪ ನನ್ನದೇ. ಐವತ್ತರ ದಶಕದ ಮಾಟುಂಗ. ಮಾಮ ಉಡುಪಿ ಹೋಟೆಲೊಂದರ ಅಡುಗೆಯವ. ಅಪ್ಪನಿಲ್ಲದ ನಾನು ಅವನ ಸಾಕುಮಗಳು, ಕಾನ್ವೆಂಟಿನ ಫೋರ್ತ್ ಸ್ಟ್ಯಾಂಡರ್ಡ್. ಸಂಜೆ ಎಲೆಯಡಿಕೆ ಮೆಲ್ಲುತ್ತ ಅವನಿಗೆ ದಿನಕ್ಕೊಂದು ಇಂಗ್ಲಿಷ್ ಪದ ಬೇಕು.

"ಟೈನಿ ಅಂದ್ರೆ ತೀರಾ ಚಿಕ್ಕದು ಮಾಮ."

"ನಮ್ಮ ಈ ಒಂದೇ ಕೋಣೆಯ ಖೋಲಿಯ ಹಾಗೆ?"

"ಎಕ್ಸಾಕ್ಟ್ಲಿ."

ಅಷ್ಟೇ! ಮುಂದಿನ ಭಾನುವಾರ ಕೆಳಗಿನ ಮನೆಯ ಪಾರ್ಸಿ ಡಾಕ್ಟರನ್ನು "ಟೈನಿ ಟಿಫಿನ್"ಗೆ ಕರೆದ. ಎಲೆಯ ಮೇಲೆ ಹದಿನಾಲ್ಕು ಬಗೆ! ಡಾಕ್ಟರು ಗೋಡೆ ಹಿಡಿದು ಎದ್ದರು.

"ಇದು ಟೈನಿ ಅಲ್ಲ ಮಾಮ."

"ನಮ್ಮದನ್ನು ನಾವೇ ದೊಡ್ಡದು ಅಂತ ಹೇಳ್ಲಿಕ್ಕುಂಟೋ ಮಾರಾಯ್ತಿ? ಮರ್ಯಾದೆ ಬೇಡ್ವಾ?"

ತನ್ನದೆಲ್ಲ ಟೈನಿ, ಪರರದ್ದು ಯಾವುದೂ ಅಲ್ಲ! ಡಾಕ್ಟರು ಅಂಗೈಯಲ್ಲಿ ಹಿಡಿಸುವ ನಾಯಿಮರಿ ತೋರಿಸಿ "ಟೈನಿ, ನೋ?" ಎಂದಾಗ ಮಾಮ ಕೈಮುಗಿದು, "ನೋ ನೋ, ಸರ್. ವೆರಿ ಬಿಗ್ ಡಾಗ್" ಎಂದ.

ಆ ವರ್ಷ ನನಗೆ ಟೈಫಾಯ್ಡ್. ಎರಡು ತಿಂಗಳು ಸ್ಕೂಲು ತಪ್ಪಿತು. ಅದೇ ಕ್ಲಾಸಿನಲ್ಲಿ ಇನ್ನೊಂದು ವರ್ಷ ಕೂರಿಸುತ್ತೇವೆಂದು ಚೀಟಿ ಬಂತು. ಗೆಳತಿಯರೆಲ್ಲ ಮುಂದೆ, ನಾನೊಬ್ಬಳೇ ಹಿಂದೆ! ಊಟ ಬಿಟ್ಟು ಅಳುತ್ತ ಕೂತೆ. ಮಾಮ ತನ್ನ ಮದುವೆಯ ಕೋಟು ಹಾಕಿಕೊಂಡು, ನನ್ನ ಕೈಹಿಡಿದು ಹೆಡ್‌ಮಿಸ್ಟ್ರೆಸ್ ಸಿಸ್ಟರ್ ಮುಂದೆ ಹೋಗಿ ನಿಂತ. ಜೀವಮಾನದಲ್ಲಿ ಅವನು ಸ್ಕೂಲೊಂದರ ಒಳಗೆ ಕಾಲಿಟ್ಟದ್ದೇ ಅಂದು!

"ಮೇಡಮ್, ಒನ್ ಟೈನಿ ರಿಕ್ವೆಸ್ಟ್. ದಿಸ್ ಮೈ ಟೈನಿ ಗರ್ಲ್. ಫಿಫ್ತ್ ಕ್ಲಾಸ್ ಪ್ಲೀಸ್."

ಸಿಸ್ಟರ್ ಕನ್ನಡಕದ ಮೇಲಿಂದ ನೋಡಿದರು. ಜ್ವರಕ್ಕೆ ಸೊರಗಿ ನಾನು ಯೂನಿಫಾರ್ಮಿನೊಳಗೆ ಕಳೆದೇ ಹೋಗಿದ್ದೆ.

"ಯೆಸ್, ಶಿ ಈಸ್ ಟೈನಿ. ಟೂ ಟೈನಿ ಫಾರ್ ಫಿಫ್ತ್."

ಮಾಮನ ಕಿವಿ ಕೆಂಪಾಯಿತು. "ಮೇಡಮ್, ಐ ಕ್ಯಾನ್ ಸೇ ಟೈನಿ. ಶಿ ಈಸ್ ಮೈನ್. ಯೂ ಮಸ್ಟ್ ಸೇ ಬಿಗ್."

ಮುಗಿಯಿತು ನನ್ನ ಕಥೆ ಎಂದುಕೊಂಡೆ. ಸಿಸ್ಟರ್ ಕೆಮ್ಮಿದರು. ಕೆಮ್ಮಲ್ಲ, ನಗು! ಚೀಟಿಯ ಮೇಲೆ ಗೀಟು ಎಳೆದು, "ವೆರಿ ವೆಲ್. ಬಿಗ್ ಎನಫ್ ಫಾರ್ ಫಿಫ್ತ್" ಎಂದರು.

ನಾನು ಸ್ಟೇಷನ್ನಿನವರೆಗೂ ಕುಣಿಯುತ್ತಲೇ ಬಂದೆ. ಮಾಮ ಬೆಂಚಿನ ಮೇಲೆ ದೊಪ್ಪನೆ ಕೂತ. ಕೋಟಿನ ಬೆನ್ನು ಪೂರ್ತಿ ಒದ್ದೆ. ಒಂದು ಲೋಕಲ್ ಹೋಯಿತು, ಇನ್ನೊಂದೂ ಹೋಯಿತು. ಅವನು ಏಳಲಿಲ್ಲ.

"ಹೆದರಿದ್ಯಾ ಮಾಮ?"

"ಟೈನಿ" ಎಂದ.