ಹತ್ತು ದಿನಕ್ಕೊಂದು ಲೋಟ ನೀರು

ಗುಲಾಬಿ ಕೊಂಡವರು ಗುಲಾಬಿ ಹಿಡಿದು ಸುಮ್ಮನೆ ಮನೆಗೆ ಹೋಗುತ್ತಾರೆ. ತುಳಸಿ ಕೊಂಡವರೂ ಅಷ್ಟೇ. ಆದರೆ ಮುತ್ತಿನ ಸರದ ಗಿಡ ಕೊಂಡವರು ಮಾತ್ರ ತಿಂಗಳು ತುಂಬುವುದರೊಳಗೆ ಏನಾದರೊಂದು ಕಥೆ ಹೊತ್ತುಕೊಂಡು ವಾಪಸ್ ಬರುತ್ತಾರೆ.

ಕುರುಬರಹಳ್ಳಿಯಲ್ಲಿ ನಮ್ಮ ಮನೆ ಪಕ್ಕದ ಅರ್ಧ ಸೈಟಿನಲ್ಲಿ ನಾನು ನರ್ಸರಿ ಇಟ್ಟು ಹನ್ನೆರಡು ವರ್ಷವಾಯಿತು. ಈ ಗಿಡವನ್ನು ತೂಗುಕುಂಡದಲ್ಲಿ ಬೆಳೆಸುತ್ತಾರೆ. ಕುಂಡದ ಅಂಚಿನಿಂದ ದಾರದಂಥ ಬಳ್ಳಿಗಳು ಕೆಳಗಿಳಿಯುತ್ತವೆ, ದಾರದ ತುಂಬ ಹಸಿ ಬಟಾಣಿಯಂಥ ಎಲೆಗಳು. ಒಂದೊಂದು ಎಲೆಯೂ ಒಂದು ಪುಟ್ಟ ನೀರಿನ ಟ್ಯಾಂಕು. ಅದಕ್ಕೇ ಮೇಲಿಂದ ಹೆಚ್ಚು ನೀರು ಬಿದ್ದರೆ ಕೊಳೆತುಹೋಗುತ್ತದೆ. ಮರಳು ಬೆರೆಸಿದ ಮಣ್ಣು, ಕಿಟಕಿಯ ಬೆಳಕು, ಹತ್ತು ದಿನಕ್ಕೊಂದು ಲೋಟ ನೀರು. ಇಷ್ಟು ಹೇಳಿ ಕಳಿಸುತ್ತೇನೆ. ಎಲ್ಲರೂ ತಲೆಯಾಡಿಸಿ ಕೇಳಿಸಿಕೊಳ್ಳುತ್ತಾರೆ. ಮನೆಗೆ ಹೋದ ಮೇಲೆ ಆಗುವುದೇ ಬೇರೆ.

೧. ಇದು ಏನು ಮಾಡತೈತಿ?

ಊಟದ ಪಾರ್ಸೆಲ್ ತಲುಪಿಸುವ ಹುಡುಗನೊಬ್ಬ ವಿಳಾಸ ಕೇಳಲು ಬೈಕ್ ನಿಲ್ಲಿಸಿದ. ಬಾಗಲಕೋಟೆ ಕಡೆಯವನು. ದಾರಿ ಹೇಳಿದ ಮೇಲೂ ಹೋಗಲಿಲ್ಲ. ತಲೆಯ ಮೇಲೆ ನೇತಾಡುತ್ತಿದ್ದ ಕುಂಡವನ್ನೇ ನೋಡುತ್ತ ಕೇಳಿದ:

"ಅಕ್ಕಾರ, ಇದು ಬಟಾಣಿ ಏನ್ರಿ? ಪಲ್ಯಾ ಮಾಡಾಕ ಬರ್ತೈತೇನ್ರಿ?"

"ಅಯ್ಯೋ ಬೇಡಪ್ಪ, ತಿಂದ್ರೆ ಹೊಟ್ಟೆ ಕೆಡುತ್ತೆ."

"ಹೂವು ಬಿಡತೈತೇನ್ರಿ?"

"ಬಿಡುತ್ತೆ, ಚಿಕ್ಕದು. ಮುಡಿಯೋಕೆ ಆಗಲ್ಲ."

"ಮತ್ತ ಇದು ಏನ್ ಮಾಡತೈತ್ರಿ?"

ಈ ಪ್ರಶ್ನೆಯನ್ನು ಹನ್ನೆರಡು ವರ್ಷದಲ್ಲಿ ನನಗೆ ಯಾರೂ ಕೇಳಿರಲಿಲ್ಲ. ಸ್ವಲ್ಪ ಯೋಚಿಸಿ ಹೇಳಿದೆ: "ಜೋತಾಡ್ಕೊಂಡಿರುತ್ತಪ್ಪ. ನೋಡೋಕೆ ಚೆಂದ."

ಅವನು ಹೆಲ್ಮೆಟ್ ಹಾಕಿಕೊಂಡ. "ಅಂಥಾವ ಒಬ್ಬಾವ ನಮ್ಮ ರೂಮಿನ್ಯಾಗ ಅದಾನ್ರಿ. ನೋಡಾಕೂ ಚೆಂದ ಇಲ್ಲ."

೨. ಮೇಷ್ಟ್ರ ಕ್ಯಾಲೆಂಡರ್

ಬಸವೇಶ್ವರನಗರದ ನಿವೃತ್ತ ಹೆಡ್‌ಮಾಸ್ಟರ್ ಒಬ್ಬರು ಮೂರು ಸಲ ಗಿಡ ಒಯ್ದರು, ಮೂರು ಸಲವೂ ಸತ್ತ ಗಿಡದ ಕುಂಡ ಹಿಡಿದುಕೊಂಡು ಬಂದರು. ಪ್ರತಿ ಸಲವೂ ಬೇರು ಕೊಳೆತಿತ್ತು.

"ಸಾರ್, ನೀರು ಜಾಸ್ತಿ ಆಗಿದೆ."

"ಸಾಧ್ಯವೇ ಇಲ್ಲಮ್ಮ. ಹತ್ತು ದಿನಕ್ಕೊಂದು ಸಲ. ಕ್ಯಾಲೆಂಡರಲ್ಲಿ ಗುರುತು ಹಾಕಿಟ್ಟಿದೀನಿ. ನಿಮ್ಮ ಗಿಡದಲ್ಲೇ ಏನೋ ದೋಷ ಇದೆ."

ಇದನ್ನೇ ಅವರು ಪಾರ್ಕಿನಲ್ಲಿ ವಾಕಿಂಗ್ ಬರುವವರಿಗೆಲ್ಲ ಹೇಳತೊಡಗಿದರು. ಆ ಕಡೆಯ ಗಿರಾಕಿಗಳು ಬರುವುದೇ ನಿಂತಿತು. ಇದು ಹೀಗೇ ಬಿಟ್ಟರೆ ಆಗುವುದಿಲ್ಲ ಎಂದು ನಾಲ್ಕನೇ ಗಿಡವನ್ನು ನಾನೇ ಅವರ ಮನೆಗೆ ಒಯ್ದು ನೇತುಹಾಕಿದೆ. ಎಂಟನೇ ದಿನ ಹೇಳದೆ ಕೇಳದೆ ಹೋಗಿ ಕುಂಡ ಎತ್ತಿ ನೋಡಿದರೆ ತಳದಿಂದ ನೀರು ತೊಟ್ಟಿಕ್ಕುತ್ತಿತ್ತು.

"ಯಾರು ನೀರು ಹಾಕಿದ್ದು?" ಎಂದು ಮೇಷ್ಟ್ರು ಶಾಲೆಯ ಧ್ವನಿಯಲ್ಲೇ ಕೇಳಿದರು.

ಅವರ ಹೆಂಡತಿ ಹೇಳಿದರು, "ಬೆಳಿಗ್ಗೆ ಪೂಜೆ ಮುಗಿಸಿ ಒಂದು ಉದ್ಧರಣೆ ಹಾಕ್ತೀನಿ. ಪಾಪ, ಬಾಯಿಲ್ಲದ ಗಿಡ." ಸೊಸೆ ಹೇಳಿದಳು, "ಮಾವ ಮರೆತಿರ್ತಾರೇನೋ ಅಂತ ನಾನು ಸಂಜೆ ಒಂಚೂರು ಹಾಕ್ತೀನಿ." ಅಡುಗೆಯಾಕೆ ಅಕ್ಕಿ ತೊಳೆದ ನೀರು ಹಾಕುತ್ತಿದ್ದಳಂತೆ. "ಅದು ಸತ್ವ ಅಲ್ವಾ ಸಾರ್!"

ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡು ನನ್ನ ಕಡೆ ತಿರುಗಿದರು. "ನೋಡಮ್ಮ, ಈ ಮನೇಲಿ ನನಗೆ ಒಂದು ಲೋಟ ನೀರು ಬೇಕು ಅಂದ್ರೆ ನಾನೇ ಎದ್ದು ಹೋಗ್ಬೇಕು."

೩. ಯಾರ ಸರ?

ತಂಗಿಯ ಗೃಹಪ್ರವೇಶಕ್ಕೆ ಒಂದು ಒಳ್ಳೆಯ ಕುಂಡ ಒಯ್ಯುತ್ತಿದ್ದೆ. ಸ್ಕೂಟರ್ ರಿಪೇರಿಗೆ ಕೊಟ್ಟಿದ್ದರಿಂದ ಮಾಗಡಿ ರಸ್ತೆಯ ಬಸ್ಸು ಹತ್ತಿದೆ. ತೊಡೆಯ ಮೇಲೆ ಕುಂಡ. ಕಾಮಾಕ್ಷಿಪಾಳ್ಯದಲ್ಲಿ ಗಾರ್ಮೆಂಟ್ಸ್ ಬಿಟ್ಟ ಹೆಂಗಸರು ಬಸ್ಸಿನ ತುಂಬ ಹತ್ತಿದರು. ಒಬ್ಬಾಕೆಯ ಊಟದ ಬ್ಯಾಗಿನ ಜಿಪ್ಪಿಗೆ ಎರಡು ಬಳ್ಳಿ ಸಿಕ್ಕಿ, ಬಸ್ಸು ಬ್ರೇಕ್ ಹಾಕಿದ ಕೂಡಲೇ ಕಿತ್ತುಬಂದವು. ಮಣಿಗಳೆಲ್ಲ ನೆಲದ ಮೇಲೆ ಉರುಳಿದವು.

"ಅಯ್ಯೋ, ಯಾರ್ದೋ ಸರ ಕಿತ್ಹೋಯ್ತು!"

"ತುಳೀಬೇಡಿ, ತುಳೀಬೇಡಿ!"

ಹೆಂಗಸರೆಲ್ಲ ಬಗ್ಗಿ ಸೀಟಿನಡಿ ಹುಡುಕತೊಡಗಿದರು. ಕಂಡಕ್ಟರ್ ಬಸ್ಸು ನಿಲ್ಲಿಸಿ, "ಯಾರೂ ಇಳೀಬೇಡಿ!" ಎಂದು ಬಾಗಿಲಿಗೆ ಅಡ್ಡ ನಿಂತ. ನಾನು "ಅದು ಸರ ಅಲ್ಲ ಕಣ್ರೀ" ಎಂದು ಎರಡು ಸಲ ಕೂಗಿದೆ. ಯಾರಿಗೂ ಕೇಳಿಸಲಿಲ್ಲ. ಒಬ್ಬ ಅಜ್ಜಿ ಸೆರಗಿನಲ್ಲಿ ಒಂದು ಹಿಡಿ ಆಯ್ದುಕೊಂಡು ಬಂದು ಒಂದನ್ನು ಹಿಚುಕಿ ನೋಡಿದರು.

"ಯಾವ ಕಲ್ಲಮ್ಮ ಇದು? ಮೆತ್ತಗಿದೆ, ನೀರು ಬರ್ತಾ ಇದೆ!"

"ಕಲ್ಲಲ್ಲಜ್ಜಿ. ಎಲೆ. ಈ ಗಿಡದ್ದು."

ಬಗ್ಗಿದವರೆಲ್ಲ ಸೊಂಟ ಹಿಡಿದುಕೊಂಡು ಎದ್ದರು. ಕಂಡಕ್ಟರ್ ಸೀಟಿ ಊದಿದ.

"ರೈಟ್ ರೈಟ್! ಎಲೆ ಉದುರಿದ್ದಕ್ಕೆಲ್ಲ ಬಸ್ ನಿಲ್ಸಿದ್ರೆ ನಾವು ಕಬ್ಬನ್ ಪಾರ್ಕ್ ದಾಟೋದು ಯಾವಾಗ?"

೪. ಆ ಕಡೆ ತಿರುಗ್ತೀನಿ

ದಿನಾ ಬೆಳಿಗ್ಗೆ ವಾಕಿಂಗ್ ಹೋಗುವ ಒಬ್ಬ ಆಂಟಿ ನನ್ನ ಗೇಟಿನ ಪಕ್ಕದ ಕುಂಡದಿಂದ ಒಂದು ತುಂಡು ಬಳ್ಳಿ ಚಿವುಟಿಕೊಂಡು ಹೋಗುತ್ತಿದ್ದರು. ನಾನು ಕಿಟಕಿಯಿಂದ ನೋಡುತ್ತಿದ್ದೆ. ಕದ್ದ ಗಿಡ ಚೆನ್ನಾಗಿ ಬರುತ್ತದೆ ಎಂದು ನಂಬುವವರು ನಮ್ಮ ಕಡೆ ಬಹಳ. ದೊಡ್ಡವರು, ಕೇಳುವುದು ಹೇಗೆ ಎಂದು ಸುಮ್ಮನಿದ್ದೆ.

ಆ ವರ್ಷ ಮಳೆ ಹೆಚ್ಚಾಗಿ ನನ್ನ ಕುಂಡಗಳೆಲ್ಲ ಕೊಳೆತವು. ಬೀಜಕ್ಕೆಂದರೂ ಒಂದು ಬಳ್ಳಿ ಉಳಿಯಲಿಲ್ಲ. ವಿಧಿಯಿಲ್ಲದೆ ಅವರ ಮನೆಗೇ ಹೋದೆ. ಬಾಲ್ಕನಿಯಲ್ಲಿ ಸಾಲಾಗಿ ಆರು ಕುಂಡ, ಒಂದೊಂದು ಬಳ್ಳಿಯೂ ಮೊಳಕ್ಕಿಂತ ಉದ್ದ. ಎಲ್ಲ ನನ್ನವೇ.

"ಆಂಟಿ, ಒಂದೆರಡು ಬಳ್ಳಿ ಕೊಡ್ತೀರಾ?"

ಅವರಿಗೆ ಸ್ವಲ್ಪವೂ ಮುಜುಗರವಾಗಲಿಲ್ಲ. "ಕೇಳಿ ತಗೊಂಡ್ರೆ ಬರಲ್ಲ ಕಣಮ್ಮ. ನಾನು ಕಾಫಿಗಿಡೋಕೆ ಆ ಕಡೆ ತಿರುಗ್ತೀನಿ, ನೀನು ಕದ್ಕೋ."

೫. ಮೂರು ಕುಂಡ

ಗೌರಿ ಹಬ್ಬದ ಹಿಂದಿನ ದಿನ ರಾಜಾಜಿನಗರದ ಒಬ್ಬ ಗೃಹಸ್ಥರು ಬೆವರುತ್ತ ಬಂದರು. ಮನೆ ಧೂಳು ಹೊಡೆಯುವಾಗ ಕೋಲು ತಾಗಿ ಅವರ ತಾಯಿಯ ಮುತ್ತಿನ ಸರದ ಗಿಡ ಬಿದ್ದು ಚೂರಾಗಿತ್ತು. ತಾಯಿ ದೇವಸ್ಥಾನದಲ್ಲಿ, ಹೆಂಡತಿ ಮಾರ್ಕೆಟ್ಟಿನಲ್ಲಿ. ಮೊಬೈಲಿನಲ್ಲಿ ಫೋಟೋ ತೋರಿಸಿದರು: ಗಿಳಿಹಸಿರು ಬಣ್ಣದ ಗ್ರಿಲ್ಲು, ಅದರ ಮುಂದೆ ಗಿಡ.

"ಇದೇ ಉದ್ದದ್ದು ಬೇಕು ಮೇಡಂ. ಅಮ್ಮಂಗೆ ಈ ಗಿಡ ಅಂದ್ರೆ ಪ್ರಾಣ. ದಯವಿಟ್ಟು ಯಾರಿಗೂ ಹೇಳ್ಬೇಡಿ."

ಅಷ್ಟು ಉದ್ದ ಬೆಳೆದದ್ದು ನನ್ನಲ್ಲಿದ್ದದ್ದು ಮೂರೇ ಮೂರು. ಒಂದು ಕೊಟ್ಟೆ.

ಒಂದು ತಿಂಗಳಾದ ಮೇಲೆ ಒಬ್ಬ ಹೆಣ್ಣುಮಗಳು ಬಂದಳು. ಅತ್ತೆ ಮಗಳ ಮನೆಗೆ ಹೋಗಿದ್ದಾರೆ, ಗಿಡ ನೋಡಿಕೊಳ್ಳಲು ಹೇಳಿದ್ದರು, ಮಳೆನೀರು ಸುರಿದು ಗಂಜಿಯಾಗಿ ಹೋಗಿದೆ, ನಾಳೆ ಅವರು ಬರುತ್ತಾರೆ. ಮೊಬೈಲ್ ತೋರಿಸಿದಳು. ಅದೇ ಗಿಳಿಹಸಿರು ಗ್ರಿಲ್ಲು.

"ಆಂಟಿ, ಪ್ಲೀಸ್, ನಮ್ಮ ಮನೆಯವರಿಗೂ ಗೊತ್ತಾಗ್ಬಾರ್ದು."

ಎರಡನೆಯದನ್ನೂ ಕೊಟ್ಟೆ.

ದೀಪಾವಳಿ ಕಳೆದ ವಾರ ಒಬ್ಬ ಹಿರಿಯಾಕೆ ಆಟೋದಲ್ಲಿ ಬಂದಿಳಿದರು. ಗಿಡಕ್ಕೂ ಒಂಚೂರು ಬಿಸಿಲು ಕಾಣಲಿ ಎಂದು ಟೆರೇಸಿನಲ್ಲಿಟ್ಟು ಮರೆತಿದ್ದರಂತೆ, ಮಧ್ಯಾಹ್ನದ ಬಿಸಿಲಿಗೆ ಸಂಡಿಗೆಯಂತೆ ಒಣಗಿತ್ತು. "ಹೀಗೆ ನೋಡ್ಕೋಬೇಕು, ಹಾಗೆ ನೋಡ್ಕೋಬೇಕು ಅಂತ ಸೊಸೆಗೆ ದಿನಾ ನಾನೇ ಪಾಠ ಹೇಳೋಳು ಕಣಮ್ಮ. ಈಗ ನನ್ನ ಮಾನ ನಿನ್ನ ಕೈಲಿದೆ." ಫೋಟೋ ತೋರಿಸುವ ಮೊದಲೇ ನಾನು ಮೂರನೆಯದನ್ನು ಕೊಕ್ಕೆಯಿಂದ ಇಳಿಸಿದೆ.

ಮೂವರಿಗೂ ಮಾತು ಕೊಟ್ಟಿದ್ದೆ, ಮೂವರ ಗುಟ್ಟನ್ನೂ ಉಳಿಸಿಕೊಂಡಿದ್ದೆ. ಸಂಕ್ರಾಂತಿ ಹತ್ತಿರ ಬಂದಾಗ ಸೇವಂತಿಗೆ ಗಿಡ ಕೊಳ್ಳಲು ಮೂವರೂ ಒಟ್ಟಿಗೇ ಬಂದರು. ಒಬ್ಬೊಬ್ಬರೂ ಉಳಿದಿಬ್ಬರ ಬೆನ್ನ ಹಿಂದಿನಿಂದ ನನಗೆ ಬೇಡ ಬೇಡ ಎಂದು ಸನ್ನೆ ಮಾಡಿದರು. ನಾನು ತಲೆ ಬಗ್ಗಿಸಿ ಮಣ್ಣು ಕಲೆಸುತ್ತ ಕೂತೆ.

ಅಷ್ಟಕ್ಕೇ ಹೊರಟುಹೋಗಿದ್ದರೆ ಚೆನ್ನಾಗಿತ್ತು. ಅತ್ತೆಯವರು ಸುತ್ತ ನೋಡಿ ಸೊಸೆಗೆ ಕೇಳುವಂತೆ ಹೇಳಿದರು:

"ನಮ್ಮನೆ ಮುತ್ತಿನ ಸರಕ್ಕೆ ನಾಲ್ಕು ವರ್ಷ. ಒಂದು ಎಲೆ ಹಾಳಾಗಿಲ್ಲ. ಎಲ್ಲ ಕೈಗುಣ."

"ಹೌದತ್ತೆ," ಎಂದಳು ಸೊಸೆ. "ಹೌದಮ್ಮ," ಎಂದರು ಮಗ.

ಅತ್ತೆಯವರು ಅಲ್ಲಿಗೂ ನಿಲ್ಲಿಸಲಿಲ್ಲ. "ಅಲ್ಲಮ್ಮ, ನರ್ಸರಿ ಅಂತ ಬೋರ್ಡ್ ಹಾಕಿದೀಯ. ನಮ್ಮನೇದರಷ್ಟು ಉದ್ದ ಬೆಳೆದಿರೋದು ನಿನ್ನ ಹತ್ರ ಒಂದಾದರೂ ಇದ್ಯಾ?"

ಹನ್ನೆರಡು ವರ್ಷದ ನರ್ಸರಿಯ ಬಗ್ಗೆ ಹಾಗೆಂದರೆ ಯಾರಿಗೆ ತಡೆಯುತ್ತದೆ? ಬಾಯಿಂದ ಬಂದೇಬಿಟ್ಟಿತು.

"ಎಲ್ಲಿಂದ ಇರುತ್ತಮ್ಮ? ಅಷ್ಟುದ್ದ ಬೆಳೆಸಿದ್ದ ಮೂರೂ ನಿಮ್ಮ ಮನೆಗೇ ಬಂದ್ವಲ್ಲ!"

ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಬೈಗುಳಕ್ಕೆ ಕಾದೆ. ಯಾರೂ ಬೈಯಲಿಲ್ಲ. ತಾಯಿ, ಮಗ, ಸೊಸೆ ಮೂವರೂ ಕಣ್ಣರಳಿಸಿ, ಒಂದೇ ಉಸಿರಿಗೆ ಕೇಳಿದರು:

"ಮೂರಾ?"